ಗಣಪತಿ ಇದ್ದ ಪೊಟ್ಟಣ

ಇವತ್ತು ತುಂಗಭದ್ರಾ ಡ್ಯಾಂ ಕಾಲುವೆಯಲ್ಲಿ ತಿಂಡಿಯ ಪ್ಲಾಸ್ಟಿಕ್ ಡಬ್ಬಿಗಳು ತೇಲುತ್ತಿದ್ದವು. ಎಲ್ಲದರ ಮೇಲೂ ಹುಟ್ಟುಹಬ್ಬದ ಮಗುವಿನ ಫೋಟೋ. ಸಿಟ್ಟಿನಲ್ಲೇ ನಮ್ಮ ಹಳೆಯ ಕ್ವಾರ್ಟರ್ಸ್ ನೆನಪಾಯಿತು.

ಅಲ್ಲಿ ಒಮ್ಮೆ ಪಕ್ಕದ ಮನೆಯ ಗಂಗಕ್ಕ ಮಗಳ ಹುಟ್ಟುಹಬ್ಬಕ್ಕೆ ಇಡೀ ಓಣಿಯನ್ನು ಕರೆದು, ಅಳುಮುಖ ಮಾಡಿಕೊಂಡು ಅಮ್ಮನ ಬಳಿ ಬಂದಿದ್ದರು.

"ತಾಟು ಸಾಲಂಗಿಲ್ರಿ ಅಕ್ಕಾ, ಮರ್ಯಾದಿ ಹೋಗ್ತೈತಿ."

"ಅಳಬ್ಯಾಡ ಗಂಗಾ, ನೀ ಮಂಡಕ್ಕಿ ಒಗ್ಗರಣಿ ಹಾಕು ನಡಿ," ಎಂದಳು ಅಮ್ಮ.

ಅರಿಶಿನ ಹಚ್ಚಿದ ಹಳೆಯ ಲಗ್ನಪತ್ರಿಕೆಗಳನ್ನು ಗಣಪತಿಯ ಚಿತ್ರ ಮುಂದೆ ಬರುವಂತೆ ಪೊಟ್ಟಣದಂತೆ ಸುತ್ತಿ, ಬಾಳೆನಾರಿನಿಂದ ಕಟ್ಟಿದಳು. ಅವುಗಳಲ್ಲಿ ತುಂಬಿ ಕೊಟ್ಟ ಬೆಳ್ಳುಳ್ಳಿ ಘಮದ ಮಂಡಕ್ಕಿ ಮುಗಿದರೂ ಯಾರೂ ಪೊಟ್ಟಣ ಬಿಸಾಡಲಿಲ್ಲ.

"ದೇವ್ರನ್ನ ಹೆಂಗ ಒಗಿಯೂದ್ರಿ?" ಎನ್ನುತ್ತ ಮನೆಗೊಯ್ದರು.

ಮರುದಿನ ಅವು ಬಾಗಿಲುಬಾಗಿಲಿಗೂ ತೂಗುತ್ತಿದ್ದವು. ಗಂಗಕ್ಕ ನೆಪ ಮಾಡಿಕೊಂಡು ಓಣಿಯೆಲ್ಲ ಸುತ್ತಿ ನೋಡಿ ಬಂದರು.

ಇವತ್ತು ಕಾಲುವೆಯಿಂದ ಕೋಲು ಹಾಕಿ ಒಂದು ಡಬ್ಬಿ ಎಳೆದುಕೊಂಡೆ. ಮಗುವಿನ ಮುಖಕ್ಕೆ ಮೆತ್ತಿದ್ದ ಕೆಸರು ಒರೆಸಿದೆ.