ಕಾವಲಿಗೆ ಬರುವ ದೊಡ್ಡಪ್ಪ

ಉಗುರು ಕಚ್ಚುವ ಚಟ ಬಿಡಿಸಿಕೊಳ್ಳಲು ನಾನು ಸಮ್ಮೋಹನ ಚಿಕಿತ್ಸೆಗೆ ಹೊರಟಾಗಲೆಲ್ಲ ದೊಡ್ಡಪ್ಪ ಕಾವಲಿಗೆ ಬಂದೇ ಬರುತ್ತಾರೆ. "ಲಿಫ್ಟು ಸೋಮಾರಿಗಳಿಗೆ" ಎಂದು ಐದು ಮಹಡಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಲೇ ವೈದ್ಯರ ವಿಚಾರಣೆಗೆ ಇಳಿಯುತ್ತಾರೆ: "ಹುಡುಗಿಗೆ ಎಚ್ಚರ ಆಗದೇ ಹೋದ್ರೆ? ಮನೆ ಗುಟ್ಟೆಲ್ಲ ಬಾಯಿಬಿಟ್ರೆ?" "ಇದು ನಿದ್ದೆಯಲ್ಲ ಸಾರ್, ಅವ್ರಿಗೆ ಎಲ್ಲ ಕೇಳಿಸ್ತಿರುತ್ತೆ, ಬೇಡ ಅನ್ನಿಸಿದ್ರೆ ಎದ್ದು ಹೋಗ್ಬಹುದು" ಎಂದು ವೈದ್ಯರು ಪ್ರತಿ ಸಲವೂ ಹೇಳುತ್ತಾರೆ. "ನನ್ನ ಹತ್ರ ಇದೆಲ್ಲ ನಡೆಯಲ್ಲ" ಎಂದು ದೊಡ್ಡಪ್ಪ ಮೂಲೆಯ ಕುರ್ಚಿಯಲ್ಲಿ ಮುಷ್ಟಿ ಬಿಗಿದು, ಕಣ್ಣು ಕೆಕ್ಕರಿಸಿ ಕೂರುತ್ತಾರೆ. ವೈದ್ಯರು ಹತ್ತರಿಂದ ಹಿಂದಕ್ಕೆ ಎಣಿಸುತ್ತ ಏಳಕ್ಕೆ ಬರುವಷ್ಟರಲ್ಲಿ ನಾನಿನ್ನೂ ಉಗುರು ಕಚ್ಚುತ್ತಿರುತ್ತೇನೆ, ದೊಡ್ಡಪ್ಪನ ಗದ್ದ ಎದೆಗೆ ತಾಗಿರುತ್ತದೆ. ಮೊನ್ನೆ ವೈದ್ಯರು "ಕೈ ಸಡಿಲ ಬಿಡಿ" ಎಂದದ್ದೇ ತಡ, ದೊಡ್ಡಪ್ಪನ ಮುಷ್ಟಿ ಬಿಚ್ಚಿ ಚೀಟಿಯೊಂದು ಕೆಳಗೆ ಬಿತ್ತು. ಮಡಿಸಿ ಮಡಿಸಿ ಸವೆದುಹೋಗಿದ್ದ, ಇದೇ ವೈದ್ಯರ ಭೇಟಿಗೆ ತುಂಬಿಕೊಡುವ ಚೀಟಿ. ದಿನಾಂಕ ನಾಲ್ಕು ವರ್ಷ ಹಳೆಯದು. ದೊಡ್ಡಪ್ಪನ ಹೆಸರಿನ ಮುಂದೆ ದೊಡ್ಡಪ್ಪನದೇ ದುಂಡಕ್ಷರದಲ್ಲಿ ಬರೆದಿತ್ತು: "ಲಿಫ್ಟ್ ಎಂದರೆ ಭಯ." ಸದ್ದಿಲ್ಲದೆ ಅದನ್ನು ಮಡಿಸಿ ಅವರ ಅಂಗೈಯಲ್ಲಿಟ್ಟೆ. ಹೊರಟಾಗ "ನೀನು ಲಿಫ್ಟಲ್ಲಿ ಹೋಗಮ್ಮ" ಎಂದರು. "ನಾನೇನು ಸೋಮಾರೀನಾ ದೊಡ್ಡಪ್ಪ?" ಎಂದು ಅವರ ಜೊತೆ ಮೆಟ್ಟಿಲಿಳಿದೆ.