ಹಟ್ಶೆಪ್ಸುಟ್‌ಳ ಗಡ್ಡ

ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಪರದೇಶದಲ್ಲಿ ನಾವಿರುವ ಹಾರ್ನ್‌ಬಿಯ ಶಾಲೆಯೊಂದರ ಹಾಲ್‌ನಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದೆವು. ಮಕ್ಕಳ ವೇಷಸ್ಪರ್ಧೆಗೆ ಲೋಕದ ರಾಜ ರಾಣಿಯರು ಎಂಬ ವಿಷಯ. ರೇಷ್ಮೆ ಲಂಗ ತೊಡಿಸಿ ಕೈಗೊಂದು ರಟ್ಟಿನ ಕತ್ತಿ ಕೊಟ್ಟರೆ ಆಯಿತು ಅಂದುಕೊಂಡಿದ್ದೆ. ಹನ್ನೊಂದು ವರ್ಷದ ಮಗಳು ಒಪ್ಪಲಿಲ್ಲ. ಲೈಬ್ರರಿ ಪುಸ್ತಕ ತೆಗೆದು ಒಂದು ಕಲ್ಲಿನ ಪ್ರತಿಮೆಯ ಚಿತ್ರ ತೋರಿಸಿದಳು. ಈಜಿಪ್ಟಿನ ದೊರೆ, ಮಂಡಿಯೂರಿ ಕೂತು ಎರಡೂ ಕೈಯಲ್ಲಿ ದೇವರಿಗೆಂದು ಒಂದೊಂದು ದುಂಡನೆಯ ಗಡಿಗೆ ಹಿಡಿದಿದ್ದ. ತಲೆಗೆ ಪಟ್ಟೆ ವಸ್ತ್ರ, ಗಲ್ಲದಲ್ಲಿ ಉದ್ದನೆಯ ಗಡ್ಡ.

"ಶೀ ಈಸ್ ಎ ವುಮನ್, ಅಮ್ಮ," ಅಂದಳು.

ಆ ರಾತ್ರಿ ಇಬ್ಬರೂ ಕೂತು ಓದಿದೆವು. ಅವಳ ಹೆಸರು ಹಟ್ಶೆಪ್ಸುಟ್. ಗಂಡ ಸತ್ತಾಗ ಪಟ್ಟಕ್ಕೆ ಬಂದವನು ಸವತಿಯ ಮಗ, ಇನ್ನೂ ಎಳೆಯ ಕೂಸು. ಅವನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದವಳು ಕೊನೆಗೆ ತಾನೇ ದೊರೆಯಾದಳು. ಅಲ್ಲಿ ಗಡ್ಡವೆಂದರೆ ದೊರೆತನದ ಗುರುತು. ಗಂಡು ದೊರೆಗಳೂ ಅಂಟಿಸಿದ ಗಡ್ಡವನ್ನೇ ತೊಡುತ್ತಿದ್ದರು, ಇವಳೂ ತೊಟ್ಟಳು. ಹಡಗು ಕಳಿಸಿ ದೂರದ ನಾಡಿನಿಂದ ಧೂಪದ ಗಿಡಗಳನ್ನು ಬೇರುಸಹಿತ ತರಿಸಿದಳು, ದೊಡ್ಡ ಗುಡಿ ಕಟ್ಟಿಸಿದಳು. ಸತ್ತು ಎಷ್ಟೋ ವರ್ಷದ ಮೇಲೆ ಆ ಮಲಮಗನ ಕಾಲದಲ್ಲೇ ಅವಳ ಪ್ರತಿಮೆಗಳನ್ನು ಒಡೆದು ಗುಂಡಿಗೆ ಎಸೆದರು, ಕಲ್ಲಿನ ಮೇಲಿನ ಹೆಸರು ಕೆತ್ತಿ ಅಳಿಸಿದರು. ಚೂರುಗಳನ್ನು ಅಗೆದು ಜೋಡಿಸಿದ್ದು ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ.

ಅಡುಗೆಮನೆಯ ಪಟ್ಟೆ ಟವೆಲ್ಲು ತಲೆಗಾಯಿತು. ಗಡಿಗೆಗೆ ಎರಡು ಸ್ಟೀಲ್ ಚೊಂಬು. ಗಡ್ಡವನ್ನು ಅವಳೇ ರಟ್ಟು ಸುತ್ತಿ ಬೂದು ಬಣ್ಣ ಬಳಿದು, ಎಲಾಸ್ಟಿಕ್ ಹಾಕಿ ಮಾಡಿಕೊಂಡಳು. ನಾಕು ಸಾಲಿನ ಕನ್ನಡ ಮಾತನ್ನು ಬಾಯಿಪಾಠ ಮಾಡಿದಳು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ!

ಕಾರ್ಯಕ್ರಮ ನಡೆಸುತ್ತಿದ್ದವರು ಹಿರಿಯರು, ನಾವೆಲ್ಲ ಅಂಕಲ್ ಅನ್ನುತ್ತೇವೆ. ವೇದಿಕೆಯ ಮೆಟ್ಟಿಲ ಹತ್ತಿರ ಮಗಳನ್ನು ನೋಡಿ ನಕ್ಕರು.

"ಇದೇನ್ ಪುಟ್ಟಿ, ಹೆಣ್ಣುಮಗೂಗೆ ಗಡ್ಡ? ಮುದ್ದಾದ ಮುಖ ಮುಚ್ಚೋಗ್ತದೆ."

ಅವಳು ಬಾಯಿ ತೆರೆಯುವಷ್ಟರಲ್ಲಿ ಕೈ ಚಾಚಿ ಗಡ್ಡ ಎಳೆದುಬಿಟ್ಟರು. ಎಲಾಸ್ಟಿಕ್ ಕಿತ್ತು ಅವಳ ಕೆನ್ನೆಗೆ ಚಟ್ಟನೆ ಹೊಡೆಯಿತು. ಗಡ್ಡವನ್ನು ಜೇಬಿಗೆ ತುರುಕಿಕೊಂಡು ಮೈಕಿನಲ್ಲಿ, "ಈಗ ಬರ್ತಿದ್ದಾಳೆ ಸುಂದರಿ ಕ್ಲಿಯೋಪಾತ್ರ!" ಅಂದರು. ಜನ ಚಪ್ಪಾಳೆ ಹೊಡೆದರು.

ಮಗಳು ಹೋಗಿ ಮಂಡಿಯೂರಿ ಕೂತಳು. ಕೆನ್ನೆ ಕೆಂಪಾಗಿತ್ತು. ಚೊಂಬುಗಳನ್ನು ಮುಂದಕ್ಕೆ ಹಿಡಿದಳು.

"ನಾನು ಕ್ಲಿಯೋಪಾತ್ರ ಅಲ್ಲ. ನಾನು ಹಟ್ಶೆಪ್ಸುಟ್. ನಾನು ರಾಣಿ ಅಲ್ಲ, ರಾಜ. ನನ್ನ ಗಡ್ಡ ಅಂಕಲ್ ಜೇಬಲ್ಲಿದೆ."

ಹಾಲ್ ತುಂಬ ನಗು. ತಮಾಷೆ ಅಂದುಕೊಂಡರು. ಅವಳ ಕಣ್ಣು ತುಂಬಿದ್ದು ಯಾರಿಗೂ ಕಾಣಲಿಲ್ಲ. ಪಕ್ಕದಲ್ಲಿ ನನ್ನ ಗಂಡ ಫೋನಿನಲ್ಲಿ ವಿಡಿಯೋ ಮಾಡುತ್ತಾ ನಗುತ್ತಿದ್ದ. ನಾನು ಎದ್ದು ನೇರ ಅಂಕಲ್ ಮುಂದೆ ಹೋಗಿ ಕೈ ಚಾಚಿದೆ.

"ಕೊಡಿ."

"ಅಯ್ಯೋ, ಮಕ್ಕಳ ಆಟ ಕಣಮ್ಮ. ಅವಳು ನನಗೆ ಮೊಮ್ಮಗಳಿದ್ದ ಹಾಗೆ."

"ಮೊಮ್ಮಗಳಾದ್ರೂ ಕೇಳದೆ ಮುಖಕ್ಕೆ ಕೈ ಹಾಕ್ತೀರಾ? ಅವಳ ಕ್ಷಮೆ ಕೇಳಿ."

ಮೈಕು ಆನ್ ಇತ್ತು. ನನ್ನ ಮಾತು ಹಾಲ್‌ಗೆಲ್ಲ ಕೇಳಿಸಿತು. ಅಂಕಲ್ ಗಡ್ಡ ತೆಗೆದುಕೊಟ್ಟರು, ಅದು ನಡುವೆ ಮುರಿದಿತ್ತು. ಕ್ಷಮೆ ಕೇಳಲಿಲ್ಲ. "ಮುಂದಿನ ಸ್ಪರ್ಧಿ," ಅಂದರು.

ಕಾರಿನಲ್ಲಿ ಗಂಡ, "ಇಷ್ಟು ಸಣ್ಣ ವಿಷಯಕ್ಕೆ ಹಿರಿಯರ ಮರ್ಯಾದೆ ಕಳೆದೆಯಲ್ಲೇ," ಅಂದ. ನಾನು ಬಾಯಿ ಬಿಟ್ಟಿದ್ದರೆ ಏನೇನು ಬರುತ್ತಿತ್ತೋ. ಹಿಂದಿನ ಸೀಟಿನಿಂದ ಮಗಳೇ ಹೇಳಿದಳು: "ಅಪ್ಪ, ಇಟ್ ಹರ್ಟ್." ಮನೆ ಮುಟ್ಟಿದ ಮೇಲೆ ಅವನು ವಿಡಿಯೋ ಅಳಿಸಿ ಅವಳ ಕೋಣೆಗೆ ಹೋಗಿ ಕೂತ. ನನ್ನ ಸಿಟ್ಟು ಅಷ್ಟಕ್ಕೆ ಇಳಿಯಲಿಲ್ಲ.

ಎರಡು ವಾರದ ಮೇಲೆ ಇಂಡಿಯನ್ ಅಂಗಡಿಯಲ್ಲಿ ಅಂಕಲ್‌ರ ಹೆಂಡತಿ ಸಿಕ್ಕರು. ಸುತ್ತಮುತ್ತ ನೋಡಿ, ನನ್ನ ತೋಳು ಹಿಡಿದು ಪಿಸುಗುಟ್ಟಿದರು.

"ನೀನು ಮಾಡಿದ್ದು ಸರಿ ಕಣೇ. ನಾನಂತೂ ಒಂದು ದಿನಾನೂ ಅವರನ್ನ ಹಾಗೆ ಎದುರು ನಿಂತು ಕೇಳಿಲ್ಲ."

"ಜೋರಾಗಿ ಹೇಳಿ ಆಂಟಿ," ಅಂದೆ. ನನ್ನ ದನಿ ನಾನಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿಯೇ ಬಂತು. ಬೇಳೆ ಆರಿಸುತ್ತಿದ್ದವರು ತಿರುಗಿ ನೋಡಿದರು. ಆಂಟಿ ಕೈ ಬಿಟ್ಟು, ತಲೆ ತಗ್ಗಿಸಿ, ಟ್ರಾಲಿ ತಳ್ಳಿಕೊಂಡು ಹೋದರು.