ಅಕ್ಕನ ಬೆನ್ನಿಗೆ ಹಚ್ಚಿದ ಕೆಮ್ಮಣ್ಣು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಒಂದು ಕೆಟ್ಟ ಗುಣವಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ. ಮೂಡುಬಿದಿರೆಯ ಶಾಲೆಯಲ್ಲಿ ಚರ್ಮದ ಪಾಠ ಮಾಡುವಾಗ ಬೋರ್ಡಿನ ಮೇಲೆ ಜೀವಕೋಶಗಳನ್ನು ಕೆಂಪುಕಲ್ಲಿನ ಗೋಡೆಯ ಹಾಗೆ ಸಾಲಾಗಿ ಬರೆಯುತ್ತಿದ್ದೆ. ಒಮ್ಮೆ ಒಬ್ಬಳು ಎದ್ದು, "ಟೀಚರ್, ಕಲ್ಲುಗಳ ನಡುವೆ ಸಿಮೆಂಟು ಉಂಟಲ್ಲ, ಇವುಗಳ ನಡುವೆ ಎಂತ ಉಂಟು?" ಎಂದು ಕೇಳಿದಳು. ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ ಎಂದೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಮದುವೆಯಾಗಿ ಹೋದದ್ದು ಕಕ್ಕಿಂಜೆಗೆ. ಅಲ್ಲಿ ಮನೆಗೆಲಸ ಮುಗಿಸಿ ಬೀಡಿ ಕಟ್ಟುತ್ತಿದ್ದಳು. ಅವಳ ಬಾಯಿಯಲ್ಲಿ ಹುಣ್ಣುಗಳಾದಾಗ ಎಲ್ಲರೂ ಉಷ್ಣ ಎಂದರು, ಎಳನೀರು ಕುಡಿಸಿದರು. ನಾನು ಫೋನಿನಲ್ಲಿ ಹೊಗೆಸೊಪ್ಪಿನ ಮೇಲೆ ಅರ್ಧ ಗಂಟೆ ಭಾಷಣ ಬಿಗಿದೆ. ಪಾಪ, ಬೀಡಿ ಕಟ್ಟುವುದನ್ನೇ ಬಿಟ್ಟಳು. ಹುಣ್ಣು ಬಿಡಲಿಲ್ಲ. ತಿಂಗಳುಗಟ್ಟಲೆ ತಣ್ಣನೆಯ ಗಂಜಿಯಲ್ಲೇ ಕಾಲ ಹಾಕಿದಳು.

ಆಮೇಲೆ ಬೆನ್ನಿನ ಮೇಲೆ ನೀರುಗುಳ್ಳೆಗಳೆದ್ದವು. ಅಂಟುರೋಗವೇನೋ ಎಂದು ಗಂಡನ ಮನೆಯಲ್ಲಿ ಅವಳ ಬಟ್ಟಲು, ಲೋಟ, ಚಾಪೆ ಎಲ್ಲ ಬೇರೆಯಾದವು. ಸುದ್ದಿ ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಆ ಭಾನುವಾರವೇ ಹೋಗಿ ನಾಲ್ಕು ಮಾತು ಆಡಿ, ಅವಳನ್ನು ಶಿರ್ತಾಡಿಯ ನನ್ನ ಮನೆಗೆ ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಅವಳ ಪಕ್ಕ ಕುಳಿತಾಗ ನನಗೆ ನನ್ನ ಬಗ್ಗೆಯೇ ಬಹಳ ಮೆಚ್ಚುಗೆಯಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಕಡೆ ಮೈಮೇಲೆ ಗುಳ್ಳೆ ಸಾಲಾಗಿ ಎದ್ದರೆ ಮೊದಲು ಬಾಯಿಗೆ ಬರುವ ಹೆಸರು ಸರ್ಪಸುತ್ತು. ಅದು ಹಾವಿನ ಹಾಗೆ ಮೈಯನ್ನು ಬಳಸುತ್ತದೆ, ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂದು ನಂಬಿಕೆ. ಹಾಗಾಗಿ ಕೂಡುವ ಮೊದಲೇ ಸುತ್ತ ಕೆಮ್ಮಣ್ಣಿನ ಗೆರೆ ಎಳೆದು ತಡೆಯಬೇಕು. ಸಿದ್ಧಕಟ್ಟೆಯ ಹತ್ತಿರ ಇದಕ್ಕೆ ಮದ್ದು ಕೊಡುವ ಒಬ್ಬರು ಅಜ್ಜಿ ಇದ್ದರು. ನಾನೊಬ್ಬಳೇ ಹೋಗಿ ಹೇಳಿದಾಗ ಕೆಮ್ಮಣ್ಣಿನ ಪುಡಿ ಕೊಟ್ಟು, ಗರಿಕೆಯ ರಸದಲ್ಲಿ ಕಲಸಿ ದಿನಾ ಸೂರ್ಯ ಮುಳುಗುವ ಮೊದಲು ಹಚ್ಚಬೇಕು, ಹಿಂದಿನ ದಿನದ್ದನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಬೇಕು, ಮನೆಯವರೇ ಮಾಡಬೇಕು ಎಂದರು. ವಿಜ್ಞಾನದ ಟೀಚರು ತಲೆಯಾಡಿಸಿ ಪೊಟ್ಟಣ ತೆಗೆದುಕೊಂಡು ಬಂದಳು.

ಹತ್ತು ದಿನವಾದರೂ ಗುಳ್ಳೆ ಇಳಿಯಲಿಲ್ಲ, ಎದೆಗೂ ಹಬ್ಬಿತು. ಅಕ್ಕನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಮತ್ತೆ ಅಜ್ಜಿಯ ಬಳಿ ಹೋದೆ. ಅವರು ಜಗಲಿಯಲ್ಲಿ ಅವಳ ಬೆನ್ನು ನೋಡಿ, "ನೀನು ಹೋಗಿ ರಿಕ್ಷಾದಲ್ಲಿ ಕೂತ್ಕೋ ಮಗಾ" ಎಂದು ಅವಳನ್ನು ಕಳಿಸಿದರು. ನನ್ನ ಕಡೆ ತಿರುಗಿ, "ಇದು ಸರ್ಪಸುತ್ತು ಅಲ್ಲ ಮಾರಾಯ್ತಿ. ಸರ್ಪಸುತ್ತು ಒಂದೇ ಮಗ್ಗುಲಲ್ಲಿ ಬರುವುದು. ಇದು ಎರಡೂ ಕಡೆ ಉಂಟು. ನನ್ನ ಮದ್ದಿಗೆ ಇದು ಬಗ್ಗುವುದಿಲ್ಲ. ನಾಳೆಯೇ ಮಂಗಳೂರಿಗೆ ಕರ್ಕೊಂಡು ಹೋಗು" ಎಂದರು. ಓದುಬರಹವಿಲ್ಲದ ಆ ಹೆಂಗಸಿಗೆ ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಒಂದು ಕ್ಷಣವೂ ಬೇಕಾಗಲಿಲ್ಲ.

ಮರುದಿನ ನಾನು ಹೋಗಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಿತ್ತು, ಬೆಳಿಗ್ಗೆ ಸಂಜೆ ಸ್ಪೆಷಲ್ ಕ್ಲಾಸು. ರಜೆ ಕೇಳಿದರೆ ಹೆಡ್‌ಮಾಸ್ಟರು ಮುಖ ಸಿಂಡರಿಸುತ್ತಾರೆ. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಅಕ್ಕನಿಗೆ ಮಾತ್ರ, "ಇನ್ನೂ ಸ್ವಲ್ಪ ದಿನ ಹಚ್ಚಬೇಕಂತೆ" ಎಂದು ಸುಳ್ಳು ಹೇಳಿದೆ. ಉಳಿದಿದ್ದ ಪುಡಿ ಎರಡು ವಾರಕ್ಕೆ ಸಾಕಾಯಿತು. ಅಷ್ಟು ದಿನವೂ ಅದು ಮದ್ದಲ್ಲ ಎಂದು ತಿಳಿದೇ ಹಚ್ಚಿದೆ. ಸಂಜೆ ಶಾಲೆಯಿಂದ ಬಂದವಳೇ ಅವಸರದಲ್ಲಿ ಒಣಗಿದ ಮಣ್ಣನ್ನು ಉಜ್ಜಿ ಒರೆಸುತ್ತಿದ್ದೆ. ಬಟ್ಟೆಯ ಜೊತೆ ಚರ್ಮವೂ ಎದ್ದು ಬರುತ್ತಿತ್ತು. ಅವಳು ಸೆರಗು ಕಚ್ಚಿಕೊಂಡು ಕೂರುತ್ತಿದ್ದಳು. ಒಂದು ದಿನ ತಡೆಯಲಾರದೆ ಚೀರಿದಾಗ, "ಸಣ್ಣ ಮಕ್ಕಳ ಹಾಗೆ ಮಾಡ್ಬೇಡ ಅಕ್ಕ, ನನಗೆ ಬೇರೆ ಕೆಲಸ ಉಂಟು" ಎಂದು ಗದರಿದೆ.

ಕೊನೆಗೆ ಮಂಗಳೂರಿಗೆ ಹೋದಾಗ ಚರ್ಮದ ಡಾಕ್ಟರು ಗುಳ್ಳೆಯಿಲ್ಲದ ಜಾಗದಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಸರಿಸಿದರು. ಚೆನ್ನಾಗಿ ಕಾಣುತ್ತಿದ್ದ ಚರ್ಮ ಹಾಗೆಯೇ ಜಾರಿತು. "ಇದನ್ನು ಉಜ್ಜಿದ್ರಾ?" ಎಂದು ಕೇಳಿದರು. ಅಕ್ಕನೇ, "ಇಲ್ಲ ಡಾಕ್ಟ್ರೇ, ಬಟ್ಟೆ ತಾಗಿ ಹಾಗಾದದ್ದು" ಎಂದಳು.

ಚರ್ಮದ ಚೂರು ತೆಗೆದು ಪರೀಕ್ಷೆ ಮಾಡಿಸಿದ ಮೇಲೆ ಕಾಯಿಲೆಗೆ ಪೆಂಫಿಗಸ್ ಎಂಬ ಹೆಸರು ಸಿಕ್ಕಿತು. "ನೀವು ಟೀಚರಲ್ವಾ, ನಿಮಗೆ ಅರ್ಥ ಆಗ್ತದೆ" ಎಂದು ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದರು. ಚರ್ಮದ ಜೀವಕೋಶಗಳು ಒಂದನ್ನೊಂದು ಹಿಡಿದುಕೊಂಡಿರುವುದು ಡೆಸ್ಮೋಗ್ಲೀನ್ ಎಂಬ ಪ್ರೋಟೀನಿನಿಂದ. ಬಾಯಿಯ ಒಳಗೂ ಅದಿದೆ. ಹೊರಗಿನ ರೋಗಾಣುಗಳ ಮೇಲೆ ಹೋಗಬೇಕಾದ ದೇಹದ ಕಾವಲು ಪಡೆ, ಈ ಕಾಯಿಲೆಯಲ್ಲಿ ಆ ಪ್ರೋಟೀನನ್ನೇ ಶತ್ರುವೆಂದು ತಿಳಿದು ಹಿಡಿತ ತಪ್ಪಿಸುತ್ತದೆ. ಜೀವಕೋಶಗಳು ಒಂದನ್ನೊಂದು ಬಿಟ್ಟುಬಿಡುತ್ತವೆ, ನಡುವೆ ನೀರು ತುಂಬಿ ಗುಳ್ಳೆಯಾಗುತ್ತದೆ. ಹೊಗೆಸೊಪ್ಪು, ಉಷ್ಣ, ಸರ್ಪ ಯಾವುದೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. "ಸ್ವಲ್ಪ ಮೊದಲೇ ಬರಬೇಕಿತ್ತು" ಎಂದಷ್ಟೇ ಅವರು ಹೇಳಿದರು. ಆ ಸ್ವಲ್ಪದಲ್ಲಿ ನನ್ನ ಎರಡು ವಾರ ಎಷ್ಟು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಅಕ್ಕ ಬದುಕಿದಳು. ಸ್ಟಿರಾಯ್ಡ್ ಮಾತ್ರೆಗಳಿಂದ ಮುಖ ಊದಿತು, ಸಕ್ಕರೆ ಕಾಯಿಲೆ ಬಂತು. ವರ್ಷ ಕಳೆದ ಮೇಲೆ ಬೆನ್ನು ಮಾಗಿ ಕಪ್ಪು ಕಲೆಗಳು ಉಳಿದವು. ಮಾತ್ರೆ ಈಗ ಸಣ್ಣ ಡೋಸಿಗೆ ಇಳಿದಿದೆ. ಡಾಕ್ಟರ ಚೀಟಿ ತೋರಿಸಿ ಅಂಟುರೋಗವಲ್ಲ ಎಂದು ಹೇಳಿದ ಮೇಲೆ ಕಕ್ಕಿಂಜೆಯವರೂ ಬಂದು ಕರೆದುಕೊಂಡು ಹೋದರು. ಅವಳು ಮಾತ್ರ ಸಿಕ್ಕಿದವರಿಗೆಲ್ಲ, "ನನ್ನ ತಂಗಿ ದಿನಾ ಕೈಯಾರೆ ಮದ್ದು ಹಚ್ಚಿದಳು, ಯಾರು ಮಾಡ್ತಾರೆ ಹೇಳಿ" ಎನ್ನುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ನಾನು ಏನಾದರೊಂದು ನೆಪ ಹೇಳಿ ಅಲ್ಲಿಂದ ಏಳುತ್ತಿದ್ದೆ.

ಕಳೆದ ತಿಂಗಳು ಅವಳು ನಮ್ಮ ಮನೆಗೆ ಬಂದಿದ್ದಾಗ, ಇಬ್ಬರೂ ಅಲಸಂಡೆ ಮುರಿಯುತ್ತಾ ಕುಳಿತಿದ್ದಾಗ, ಹೇಳಿಬಿಟ್ಟೆ. ಅಜ್ಜಿ ಏನು ಹೇಳಿದ್ದರು, ನಾನು ಏನು ಮಾಡಿದೆ, ಎಲ್ಲವನ್ನೂ.

ಅಕ್ಕ ತಲೆ ಎತ್ತಲಿಲ್ಲ. "ನನಗೆ ಗೊತ್ತಿತ್ತು. ಅಜ್ಜಿ ಮಾತಾಡಿದ್ದು ರಿಕ್ಷಾದವರೆಗೂ ಕೇಳಿಸಿತ್ತು" ಎಂದಳು.

"ಮತ್ತೆ ಯಾಕೆ ಸುಮ್ಮನಿದ್ದೆ? ಡಾಕ್ಟರ ಹತ್ತಿರ ಹೋಗುವ ಅಂತ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಗೆ ಹೇಳುವುದು? ಅಲ್ಲಿ ಬಟ್ಟಲು ಬೇರೆ ಮಾಡಿದ್ರು. ಒತ್ತಾಯ ಮಾಡಿ ನಿನಗೂ ಬೇಜಾರಾದರೆ ನಾನು ಎಲ್ಲಿಗೆ ಹೋಗುವುದು? ಅದಕ್ಕೆ ದಿನಾ ಬೆನ್ನು ಕೊಟ್ಟು ಕೂತದ್ದು."

ನಾನು ಇಷ್ಟು ವರ್ಷ ನನ್ನ ಸುಳ್ಳನ್ನು ಅವಳು ನಂಬಿದ್ದಳು ಎಂದುಕೊಂಡಿದ್ದೆ. ಅವಳು ನನಗೆ ಹೆದರಿದ್ದಳು.